ಸರ್ವಾನುಮತದ ಮೂವತ್ತು ಶೇಕಡಾ: ಮುಂಬಯಿಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣ

ಮೂವತ್ತು ನಲವತ್ತು ವರ್ಷ ಮುಂಬಯಿಯಲ್ಲಿ ದುಡಿದು, ಸ್ವಂತದ್ದೊಂದು ಫ್ಲ್ಯಾಟ್ ಮಾಡಿಕೊಂಡು, ನಿವೃತ್ತಿಯಾದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟು ಊರು ಸೇರಿದ ಕನ್ನಡಿಗರು ಸಾಕಷ್ಟಿದ್ದಾರೆ. ಸೊಸೈಟಿ, ಅಂದರೆ ಕಟ್ಟಡದ ಫ್ಲ್ಯಾಟ್ ಮಾಲೀಕರ ಸಹಕಾರಿ ಸಂಘ, ಅವರ ಮಟ್ಟಿಗೆ ತಿಂಗಳಿಗೊಮ್ಮೆ ವಾಟ್ಸಾಪ್‌ನಲ್ಲಿ ಬರುವ ಬಿಲ್ಲು. ಕೆಳಗಿನ ಮೊತ್ತ ನೋಡಿ ಹಣ ಕಳಿಸುತ್ತಾರೆ, ಮೇಲಿನ ಸಾಲುಗಳನ್ನು ಯಾರೂ ಓದುವುದಿಲ್ಲ. ಈ ಪ್ರಕರಣ ಶುರುವಾದದ್ದು ಅಂಥ ಒಂದು ಸಾಲಿನಿಂದ.

ಕಟ್ಟಡ ಮುಲುಂಡ್ ಮತ್ತು ವಿಕ್ರೋಲಿಯ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ಗುರುತು ಸಿಗದಿರಲೆಂದು ಇಸವಿಗಳನ್ನೂ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ, ಅವುಗಳ ಅನುಪಾತ ಮಾತ್ರ ಹಾಗೇ ಇದೆ. ಎರಡೂ ಕಡೆಯವರು ನನಗೆ ಪರಿಚಿತರಾದ್ದರಿಂದ ಕಾಗದಪತ್ರಗಳು ನನ್ನ ಕೈಗೆ ಬಂದವು. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಕಟ್ಟಡ ಮತ್ತು ಜನ

ಎರಡು ವಿಂಗ್, 36 ಫ್ಲ್ಯಾಟ್, 1985ರಲ್ಲಿ ನೋಂದಣಿಯಾದ ಸೊಸೈಟಿ. ಮೊದಲು ಮನೆ ಕೊಂಡವರಲ್ಲಿ ಮೂರರಲ್ಲೊಂದು ಪಾಲು ನಮ್ಮವರೇ: ಬ್ಯಾಂಕಿನವರು, ಹೋಟೆಲ್ ಮ್ಯಾನೇಜರುಗಳು, ಬಂದರಿನ ಗುಮಾಸ್ತರು, ಮತ್ತು ಹಗಲು ಆಫೀಸಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬರು. ಇವರನ್ನು ಮಾಸ್ತರರು ಎಂದು ಕರೆಯೋಣ. 2012ರಲ್ಲಿ ಮಾಸ್ತರರು ಹೆಂಡತಿಯೊಂದಿಗೆ ಕುಂದಾಪುರದ ಕಡೆಯ ತಮ್ಮ ಊರಿಗೆ ಹೋಗಿ ನೆಲೆಸಿದರು. ಫ್ಲ್ಯಾಟ್ ಲೀವ್ ಅಂಡ್ ಲೈಸೆನ್ಸ್ (ಗೊತ್ತಾದ ಅವಧಿಗಷ್ಟೇ ವಾಸಕ್ಕೆ ಬಿಡುವ ಕರಾರು) ಮೇಲೆ ಬಾಡಿಗೆಗೆ ಹೋಯಿತು. 11 ತಿಂಗಳ ಕರಾರು, ಪ್ರತಿಸಲ ನೋಂದಣಿ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಇಂಥ ಕರಾರನ್ನು ನೋಂದಾಯಿಸುವುದು ಮನೆ ಮಾಲೀಕನ ಹೊಣೆ. ಆ ವಿಷಯದಲ್ಲಿ ಮಾಸ್ತರರು ಬಹಳ ಕಟ್ಟುನಿಟ್ಟು.

ಸೆಕ್ರೆಟರಿಯೂ ಕರಾವಳಿಯವರೇ, ಕೇಟರಿಂಗ್ ವ್ಯವಹಾರ. ಬಿಡುವಿಲ್ಲದ ಮನುಷ್ಯ. ಬೇರೆ ಯಾರೂ ಮುಂದೆ ಬರದ ಕಾರಣ ಮೂರನೇ ಅವಧಿಗೂ ಅವರೇ. ಟ್ಯಾಂಕರ್ ತರಿಸುವುದು, ಲಿಫ್ಟ್ ಕೆಟ್ಟರೆ ರಾತ್ರಿ ಹನ್ನೊಂದಕ್ಕೆ ಮೆಕ್ಯಾನಿಕ್‌ನನ್ನು ಹಿಡಿದು ತರುವುದು ಎಲ್ಲ ಅವರ ತಲೆಮೇಲೆ. ಸಂಬಳವಿಲ್ಲದ ಕೆಲಸ. ಇದನ್ನು ಮೊದಲೇ ಹೇಳಿಬಿಡಬೇಕು. ಇಂಥ ಜಗಳಗಳ ಸುದ್ದಿ ಕೇಳಿದವರು ಕಮಿಟಿಯವರೆಂದರೆ ಕಳ್ಳರು ಎಂಬಲ್ಲಿಂದಲೇ ಶುರು ಮಾಡುತ್ತಾರೆ. ಇಲ್ಲಿ ಯಾರೂ ಒಂದು ರೂಪಾಯಿ ಜೇಬಿಗೆ ಹಾಕಿಕೊಂಡಿರಲಿಲ್ಲ.

ಬಿಲ್ಲಿನ ಒಳಗೆ

2021ರ ಒಂದು ತಿಂಗಳ ಬಿಲ್ಲು ಹೀಗಿತ್ತು. ಸೇವಾ ಶುಲ್ಕ 2,400 ರೂಪಾಯಿ. ನೀರಿನದು 450. ಮಹಾನಗರಪಾಲಿಕೆಯ ತೆರಿಗೆಯ ಪಾಲು 1,100. ರಿಪೇರಿ ನಿಧಿ 375, ಸಿಂಕಿಂಗ್ ಫಂಡ್ (ಮುಂದೆ ಕಟ್ಟಡದ ದೊಡ್ಡ ಕೆಲಸಕ್ಕೆಂದು ಕೂಡಿಡುವ ಹಣ) 125. ಒಟ್ಟು 4,450. ಅದರ ಕೆಳಗೆ ‘ನಾನ್ ಆಕ್ಯುಪೆನ್ಸಿ ಚಾರ್ಜಸ್ 30%’ ಎಂದು 1,335 ರೂಪಾಯಿ.

ನಾನ್ ಆಕ್ಯುಪೆನ್ಸಿ ಚಾರ್ಜ್ ಅಂದರೆ ಸದಸ್ಯ ತಾನು ವಾಸಿಸದೆ ಮನೆಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟಾಗ ಸೊಸೈಟಿ ಹೆಚ್ಚುವರಿಯಾಗಿ ವಸೂಲು ಮಾಡುವ ಹಣ. ಅದನ್ನು ಕೇಳುವ ಹಕ್ಕು ಸೊಸೈಟಿಗೆ ಇದೆ. ಎಷ್ಟು ಕೇಳಬಹುದು ಎಂಬುದನ್ನು ಮಹಾರಾಷ್ಟ್ರ ಸರ್ಕಾರ 2001ರ ಆಗಸ್ಟ್ 1ರ ಆದೇಶದಲ್ಲಿ ಗೊತ್ತುಮಾಡಿಟ್ಟಿದೆ: ಪಾಲಿಕೆಯ ತೆರಿಗೆ ಬಿಟ್ಟು, ಸೇವಾ ಶುಲ್ಕದ ಗರಿಷ್ಠ ಶೇ. 10. ಸದಸ್ಯನ ಮನೆಯಲ್ಲಿ ಅವನ ಕುಟುಂಬದವರೇ ಇದ್ದರೆ ಅದೂ ಇಲ್ಲ. ಮಾಸ್ತರರ ಲೆಕ್ಕಕ್ಕೆ 2,400ರ ಹತ್ತು ಶೇಕಡಾ, ಅಂದರೆ 240 ರೂಪಾಯಿ. ಸೊಸೈಟಿ ವಸೂಲು ಮಾಡುತ್ತಿದ್ದದ್ದು ಅದರ ಐದೂವರೆ ಪಟ್ಟು.

ದರ ಮೂರು ಪಟ್ಟಾದರೆ ಮೊತ್ತ ಐದೂವರೆ ಪಟ್ಟು ಆದದ್ದು ಹೇಗೆ? ಶೇಕಡಾವಾರನ್ನು ಸೇವಾ ಶುಲ್ಕದ ಮೇಲಲ್ಲ, ಇಡೀ ಬಿಲ್ಲಿನ ಮೇಲೆ ಹಾಕಿದ್ದರು. ತೆರಿಗೆಯ ಮೇಲೂ 30%, ನೀರಿನ ಮೇಲೂ 30%, ರಿಪೇರಿ ನಿಧಿಯ ಮೇಲೂ 30%. ನಾನು ನೋಡಿದ ಹಲವು ಸೊಸೈಟಿಗಳಲ್ಲಿ ದರ ಹತ್ತೇ ಇದ್ದರೂ ತಪ್ಪಿರುವುದು ಇಲ್ಲೇ. ‘ಹತ್ತು ಪರ್ಸೆಂಟೇ ತಗೊಳ್ತಿದ್ದೇವಲ್ಲ’ ಅನ್ನುತ್ತಾರೆ. ಯಾವುದರ ಹತ್ತು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಜಗಳ ಹತ್ತಿದ್ದು

ಸೋಜಿಗವೆಂದರೆ ಮಾಸ್ತರರು ಈ ಹಣವನ್ನು ಒಂಬತ್ತು ವರ್ಷ ಚಕಾರವೆತ್ತದೆ ಕಟ್ಟಿದ್ದರು. ಬೆಂಕಿ ಹತ್ತಿದ್ದು ಬೇರೆ ಕಾರಣಕ್ಕೆ. 2021ರಲ್ಲಿ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಹೊಸ ನಿಯಮಗಳು ಬಂದವು: ಬಾಡಿಗೆದಾರರು ಬರುವಾಗ 5,000 ರೂಪಾಯಿ, ಹೋಗುವಾಗ 5,000, ಸೊಸೈಟಿಯ ಎನ್‌ಓಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಇಲ್ಲದೆ ಸಾಮಾನು ಇಳಿಸುವಂತಿಲ್ಲ, ಮದುವೆಯಾಗದವರಿಗೆ ಮನೆ ಕೊಡುವಂತಿಲ್ಲ. ಅದೇ ಹೊತ್ತಿಗೆ ಮಾಸ್ತರರು ಹುಬ್ಬಳ್ಳಿ ಕಡೆಯ ಇಬ್ಬರು ಹುಡುಗರಿಗೆ, ಬ್ಯಾಂಕಿನಲ್ಲಿ ಹೊಸದಾಗಿ ಸೇರಿದವರಿಗೆ, ಮಾತು ಕೊಟ್ಟಿದ್ದರು. ಹುಡುಗರ ಟೆಂಪೊವನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿದ. ಅವರು ಆ ರಾತ್ರಿಯೇ ಭಾಂಡುಪ್‌ನಲ್ಲಿ ಬೇರೆ ಕಡೆ ನೋಡಿಕೊಂಡರು. ಫ್ಲ್ಯಾಟ್ ಖಾಲಿ ಬಿತ್ತು.

ಮಾಸ್ತರರಿಗೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆಯೇ ಅವರು ಬಿಲ್ಲು ಓದಿದ್ದು. ಮುಂದಿನ ತಿಂಗಳಿಂದ ನಾನ್ ಆಕ್ಯುಪೆನ್ಸಿಯ ಸಾಲನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳಿಸತೊಡಗಿದರು. ಸೊಸೈಟಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಪಾಡಿಗೆ ಬಾಕಿಗೆ 21% ಬಡ್ಡಿ ಹಾಕಿತು, ಬಡ್ಡಿಗೂ ಬಡ್ಡಿ ಹಾಕಿತು. ಮಾದರಿ ಬೈಲಾ (ಸೊಸೈಟಿಗಳಿಗೆ ಮಾದರಿಯಾಗಿ ಸರ್ಕಾರ ಹೊರಡಿಸಿದ ನಿಯಮಾವಳಿ) ಹೇಳುವುದು ಗರಿಷ್ಠ 21% ಸರಳ ಬಡ್ಡಿ. ಚಕ್ರಬಡ್ಡಿಗೆ ಎಲ್ಲೂ ಜಾಗವಿಲ್ಲ. ಕೆಲವೇ ತಿಂಗಳಲ್ಲಿ ನೋಟಿಸ್ ಬೋರ್ಡಿನ ಡಿಫಾಲ್ಟರ್ ಪಟ್ಟಿಯಲ್ಲಿ ಮಾಸ್ತರರ ಫ್ಲ್ಯಾಟ್ ನಂಬರ್ ಬಂತು. ಪಕ್ಕದ ಮನೆಯವರು ಅದರ ಫೋಟೊ ತೆಗೆದು ಊರಿಗೆ ಕಳಿಸಿದರು. ಮರ್ಯಾದೆಯ ಪ್ರಶ್ನೆಯಾಯಿತು.

ಮೊದಲು ಮಾಡಿದ್ದು

ಮಾಸ್ತರರ ಅಳಿಯ ವಕೀಲರ ಮೂಲಕ ನೋಟಿಸ್ ಕಳಿಸಿದ. ಅದರಲ್ಲಿ ಕಾನೂನು ಕಡಿಮೆ, ಬೆದರಿಕೆ ಜಾಸ್ತಿ. ಸೊಸೈಟಿಯೂ ವಕೀಲರನ್ನು ಹಿಡಿಯಿತು, ಆ ಫೀ ಸೊಸೈಟಿಯ ಖಾತೆಯಿಂದ ಹೋಯಿತು. ಅಂದರೆ ಮೂವತ್ತಾರರಲ್ಲಿ ಒಂದು ಪಾಲು ಮಾಸ್ತರರದೇ.

ಬಳಿಕ ವಾರ್ಡಿನ ಸಹಕಾರಿ ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರ್ ಕಚೇರಿಗೆ ದೂರು. ಕಚೇರಿ ಸೊಸೈಟಿಯ ಹೇಳಿಕೆ ಕೇಳಿತು, ಸೊಸೈಟಿ ಸಮಯ ಕೇಳಿತು, ತಾರೀಕುಗಳು ಮುಂದೆ ಹೋದವು. ಮಧ್ಯೆ ವಾರ್ಷಿಕ ಸಭೆ ಬಂತು. ಅಳಿಯ ಮಾವನ ಪರವಾಗಿ ಮಾತಾಡಲು ಎದ್ದು ನಿಂತ. ಚೇರ್ಮನ್ ಕೂರಿಸಿದರು. ಇದರಲ್ಲಿ ಚೇರ್ಮನ್ ತಪ್ಪೇನೂ ಇರಲಿಲ್ಲ. ಸಹಕಾರಿ ಸೊಸೈಟಿಯಲ್ಲಿ ಪ್ರಾಕ್ಸಿ ಇಲ್ಲ. ಸದಸ್ಯನೇ ಬರಬೇಕು, ಅವನ ಮತ ಅವನೇ ಹಾಕಬೇಕು. ಅಳಿಯನಿಗೆ ಅದು ಅವಮಾನವಾಗಿ ಕಂಡಿತು, ಎದ್ದು ಹೋದ. ಹೀಗೆ ಒಂದು ವರ್ಷ ಕಳೆಯಿತು. ಕೈಗೆ ಬಂದದ್ದು ಏನೂ ಇಲ್ಲ.

ನನ್ನ ಹತ್ತಿರ ಬಂದಾಗ ಮಾಸ್ತರರು ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಾ ಹಣ ಕೊಡೂದಿಲ್ಲ ಅಂತ ಹೇಳೂದಲ್ಲ ಮಾರಾಯ್ರೆ. ಯಾವ ಲೆಕ್ಕದಲ್ಲಿ ಕೊಡೂದು ಅಂತ ಯಾರಾದ್ರೂ ಹೇಳಿ ಅಂತ.”

ನಮ್ಮ ಬೈಲಾ ಯಾವುದು?

ಸೆಕ್ರೆಟರಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಅವರು ಡ್ರಾಯರಿನಿಂದ ಒಂದು ಪುಸ್ತಕ ತೆಗೆದು ಮುಂದಿಟ್ಟರು. ಫೋರ್ಟ್‌ನ ಕಾನೂನು ಪುಸ್ತಕದ ಅಂಗಡಿಗಳಲ್ಲಿ ಸಿಗುವ, 2014ರ ಮಾದರಿ ಬೈಲಾದ ಅಚ್ಚಾದ ಪ್ರತಿ. ಅದರಲ್ಲಿ ಸೊಸೈಟಿಯ ಹೆಸರು ಬರೆಯುವ ಜಾಗ ಖಾಲಿ ಇತ್ತು. ರಿಜಿಸ್ಟ್ರಾರ್ ಮೊಹರು ಇರಲಿಲ್ಲ.

ಮಾದರಿ ಬೈಲಾ ಸರ್ಕಾರ ಹೊರಡಿಸಿದ ಮಾತ್ರಕ್ಕೆ ನಮ್ಮ ಸೊಸೈಟಿಯದ್ದಾಗುವುದಿಲ್ಲ. ಸಭೆ ಕರೆದು, ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ಅಂಗೀಕರಿಸಿ, ರಿಜಿಸ್ಟ್ರಾರ್‌ಗೆ ಕಳಿಸಿ ನೋಂದಾಯಿಸಿಕೊಳ್ಳಬೇಕು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 13ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ನೋಂದಣಿಯಾಗುವ ತನಕ ಬೈಲಾದ ತಿದ್ದುಪಡಿಗೆ ಬೆಲೆಯಿಲ್ಲ. ಈ ಸೊಸೈಟಿ 2014ರದ್ದನ್ನು ಅಂಗೀಕರಿಸಿದ ಒಂದೇ ಒಂದು ಠರಾವು ಮಿನಿಟ್ಸ್ ಪುಸ್ತಕದಲ್ಲಿ ಸಿಗಲಿಲ್ಲ. ಹಾಗಾದರೆ ಸೊಸೈಟಿ ಇನ್ನೂ ನಡೆಯುತ್ತಿರುವುದು 1985ರ ಬೈಲಾದ ಮೇಲೆ. ಅದರ ಪ್ರತಿ ಯಾರ ಬಳಿಯೂ ಇಲ್ಲ. ಸೆಕ್ರೆಟರಿಯೇ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ದೃಢೀಕೃತ ಪ್ರತಿ ತಂದರು. ಟೈಪ್‌ರೈಟರ್ ಅಕ್ಷರ, ಅಂಚು ತಿಂದ ಹಾಳೆಗಳ ಜೆರಾಕ್ಸ್.

ಈ ಪ್ರತಿ ಎರಡೂ ಕಡೆಗೆ ಕೊಯ್ಯುವ ಕತ್ತಿಯಾಯಿತು.

ಹಳೆಯ ಬೈಲಾದ ಪ್ರಕಾರ ಮನೆ ಬಾಡಿಗೆಗೆ ಕೊಡಲು ಸೊಸೈಟಿಯ ಲಿಖಿತ ಪೂರ್ವಾನುಮತಿ ಬೇಕು. 2014ರ ಮಾದರಿಯಲ್ಲಿ ಅದಿಲ್ಲ. ಮುಂಚಿತವಾಗಿ ತಿಳಿಸಿ, ಕರಾರಿನ ಪ್ರತಿ ಮತ್ತು ಪೊಲೀಸ್ ಠಾಣೆಗೆ ಕೊಟ್ಟ ಮಾಹಿತಿಯ ಪ್ರತಿ ಒಪ್ಪಿಸಿದರೆ ಸಾಕು. ಮಾಸ್ತರರ ಅಳಿಯ ಇಡೀ ವರ್ಷ ವಾದಿಸಿದ್ದು ‘ಎನ್‌ಓಸಿ ಕೇಳುವ ಅಧಿಕಾರವೇ ನಿಮಗಿಲ್ಲ’ ಎಂದು. ಈ ಸೊಸೈಟಿಯ ಮಟ್ಟಿಗೆ ಆ ವಾದ ನಿಲ್ಲುವಂಥದ್ದಲ್ಲ. ಸೆಕ್ರೆಟರಿಯ ಮುಖ ಅರಳಿತು. “ನೋಡಿ, 2014ರದ್ದು ನಮಗೆ ಲಾಗುವೇ ಅಲ್ಲ. ಹಳೇದರಲ್ಲಿ ಹತ್ತು ಪರ್ಸೆಂಟ್ ಅಂತ ಎಲ್ಲಿದೆ? ಜನರಲ್ ಬಾಡಿ ಎಷ್ಟು ಹೇಳ್ತದೋ ಅಷ್ಟು.”

ಮೇಲ್ನೋಟಕ್ಕೆ ಸರಿಯಾದ ಮಾತೇ. ಈ ಪ್ರಕರಣದ ನಿಜವಾದ ಗಂಟು ಇದ್ದದ್ದು ಇಲ್ಲಿ.

ಯಾವ ಕಾಗದ ಯಾವುದಕ್ಕಿಂತ ದೊಡ್ಡದು

10%ರ ಮಿತಿ ಬೈಲಾದಲ್ಲಿ ಹುಟ್ಟಿದ್ದಲ್ಲ. ಸಹಕಾರಿ ಕಾಯ್ದೆಯ 79ಎ ಸೆಕ್ಷನ್ ಸಾರ್ವಜನಿಕ ಹಿತದ ದೃಷ್ಟಿಯಿಂದ ಸೊಸೈಟಿಗಳಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2001ರ ಆದೇಶ ಆ ಅಧಿಕಾರದಡಿ ಬಂದದ್ದು. ಸೊಸೈಟಿಯ ಬೈಲಾ 1985ರದ್ದಿರಲಿ, 2014ರದ್ದಿರಲಿ, ಅದರಲ್ಲಿ ಮಿತಿಯ ಮಾತು ಇರಲಿ ಬಿಡಲಿ, ಈ ಆದೇಶ ಮೇಲಿನಿಂದ ಬಂದು ಕೂರುತ್ತದೆ. ದಕ್ಷಿಣ ಮುಂಬಯಿಯ ಮಾಂಟ್ ಬ್ಲಾಂಕ್ ಸೊಸೈಟಿ ಇದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. 2007ರಲ್ಲಿ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ಬಳಿಕ ‘ನಮ್ಮ ಸೊಸೈಟಿ, ನಮ್ಮ ದರ’ ಎನ್ನುವುದಕ್ಕೆ ಆಸ್ಪದ ಉಳಿದಿಲ್ಲ.

ಸೆಕ್ರೆಟರಿಗೆ ಇದನ್ನು ವಿವರಿಸಿದ್ದು ಕೆಳಗಿನಿಂದ ಮೇಲಕ್ಕೆ. ನೋಟಿಸ್ ಬೋರ್ಡಿನ ಚೀಟಿಗೆ ಕಮಿಟಿಯ ಠರಾವಿನ ಬೆಂಬಲ ಬೇಕು. ಕಮಿಟಿಗೆ ಜನರಲ್ ಬಾಡಿ (ಎಲ್ಲ ಸದಸ್ಯರ ಸಭೆ) ಕೊಟ್ಟಷ್ಟೇ ಅಧಿಕಾರ. ಜನರಲ್ ಬಾಡಿ ನೋಂದಾಯಿತ ಬೈಲಾ ಬಿಟ್ಟು ನಡೆಯುವಂತಿಲ್ಲ. ಬೈಲಾ ಕಾಯ್ದೆ, ನಿಯಮ ಮತ್ತು 79ಎ ನಿರ್ದೇಶನಗಳನ್ನು ಮೀರುವಂತಿಲ್ಲ. ಈಗ ನಿಮ್ಮ ಚೀಟಿಗಳನ್ನು ಒಂದೊಂದಾಗಿ ಏಣಿ ಹತ್ತಿಸಿ ನೋಡಿ, ಎಲ್ಲಿ ಜಾರುತ್ತವೆ ಹೇಳಿ ಎಂದೆ. ‘ಮದುವೆಯಾಗದವರಿಗೆ ಮನೆ ಇಲ್ಲ’ ಎಂಬುದು ಮೊದಲ ಮೆಟ್ಟಿಲಲ್ಲೇ ಜಾರಿತು: ಕಮಿಟಿಯ ಮಿನಿಟ್ಸ್‌ನಲ್ಲೂ ಅದಿರಲಿಲ್ಲ, ಚೇರ್ಮನ್ ಬಾಯಲ್ಲಿ ಹೇಳಿದ್ದನ್ನು ಟೈಪ್ ಮಾಡಿ ಅಂಟಿಸಿದ್ದರು. ಬರುವ ಹೋಗುವ ಐದೈದು ಸಾವಿರ ಕಮಿಟಿಯ ಮೆಟ್ಟಿಲು ದಾಟಿತ್ತು, ಜನರಲ್ ಬಾಡಿಗೆ ಹೋಗಿರಲಿಲ್ಲ. 30% ಮಾತ್ರ ಜನರಲ್ ಬಾಡಿಯ ತನಕ ಗಟ್ಟಿಯಾಗಿ ಹತ್ತಿತ್ತು.

ಆ ಠರಾವನ್ನೂ ಹುಡುಕಿದೆವು. ಸಿಕ್ಕಿದ್ದು 1998ರ ಮಿನಿಟ್ಸ್ ಪುಸ್ತಕದಲ್ಲಿ, ಮರಾಠಿಯಲ್ಲಿ, ನೀಲಿ ಶಾಯಿಯಲ್ಲಿ: ಬಾಡಿಗೆಗೆ ಕೊಟ್ಟ ಸದಸ್ಯರಿಂದ ಮೇಂಟೆನೆನ್ಸ್‌ನ 30% ಹೆಚ್ಚುವರಿ ವಸೂಲು ಮಾಡುವುದು, ‘ಸರ್ವಾನುಮತೇ ಮಂಜೂರ್’. ಕೆಳಗೆ ಸೂಚಕರ ಹೆಸರು. ಅದರ ಕೆಳಗೆ ಅನುಮೋದಕರ ಹೆಸರು, ಸಹಿ. ಅನುಮೋದಕರು ನಮ್ಮ ಮಾಸ್ತರರೇ!

ಸೆಕ್ರೆಟರಿ ಆ ಪುಟದ ಫೋಟೊ ತೆಗೆದು ಒಂದು ಮಾತೂ ಬರೆಯದೆ ಮಾಸ್ತರರಿಗೆ ಕಳಿಸಿದರು. ಸಂಜೆ ನನಗೆ ಮಾಸ್ತರರ ಫೋನ್. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, “ಆಗ ಊರಿಗೆ ಹೋಗೂದು ಅಂತ ಎಣಿಸಿರ್ಲಿಲ್ಲ ಮಾರಾಯ್ರೆ” ಅಂದರು.

ಕಾನೂನಿನ ದೃಷ್ಟಿಯಿಂದ ಆ ಸಹಿಗೆ ಮಹತ್ವವಿಲ್ಲ. 1998ರಲ್ಲಿ 2001ರ ಆದೇಶ ಇರಲಿಲ್ಲ. ಅದು ಬಂದ ದಿನದಿಂದ ಆ ಠರಾವು ಬಿದ್ದುಹೋದಂತೆಯೇ, ಯಾರು ಅನುಮೋದಿಸಿದ್ದರೂ ಅಷ್ಟೇ. ಆದರೆ ಜಗಳದ ಬಿಸಿ ಇಳಿಸಿದ್ದು ಆ ಪುಟವೇ. ದರ ಹಾಕಿದ್ದು ಈಗಿನ ಕಮಿಟಿಯಲ್ಲ ಎಂದು ಮಾಸ್ತರರಿಗೆ ಮನವರಿಕೆಯಾಯಿತು. ಸೆಕ್ರೆಟರಿಗೂ ತಾನು ಕಾಯುತ್ತಿರುವುದು ತಾನು ಹುಟ್ಟಿಸಿದ ಕೂಸಲ್ಲ ಎಂದು ಹಗುರವಾಯಿತು. ಇಪ್ಪತ್ತು ವರ್ಷ ಒಂದು ಕಮಿಟಿಯಿಂದ ಇನ್ನೊಂದಕ್ಕೆ ಫೈಲು ದಾಟಿತ್ತು, ಸಾಲು ಸಾಫ್ಟ್‌ವೇರ್‌ಗೂ ಏರಿತ್ತು, ಯಾರೂ ತಿರುಗಿ ನೋಡಿರಲಿಲ್ಲ. ಪ್ರತಿವರ್ಷದ ಆಡಿಟ್ ವರದಿಯಲ್ಲೂ ಇದರ ಬಗ್ಗೆ ಒಂದು ಸಾಲಿಲ್ಲ. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಸಂಗತಿ.

ತಕರಾರು ಬರೆದು ಹಣ ಕಟ್ಟಿದ್ದು

ಮಾಸ್ತರರಿಗೆ ನಾನು ಹೇಳಿದ ಮೊದಲ ಸಲಹೆ ಅವರಿಗೆ ರುಚಿಸಲಿಲ್ಲ: ಇಟ್ಟುಕೊಂಡ ಬಾಕಿಯನ್ನೆಲ್ಲ ಕಟ್ಟಿಬಿಡಿ. ಕಟ್ಟುವಾಗ ‘ಈ ವಸೂಲಿ 2001ರ ಆದೇಶಕ್ಕೆ ವಿರುದ್ಧ, ತಕರಾರು ಕಾಯ್ದಿರಿಸಿ ಕಟ್ಟುತ್ತಿದ್ದೇನೆ, ಹಿಂದಿರುಗಿಸಬೇಕು’ ಎಂದು ಪತ್ರ ಕೊಡಿ, ಸೊಸೈಟಿಯ ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಕಾರಣ ಸರಳ. ಬಾಕಿದಾರನೆಂಬ ಹಣೆಪಟ್ಟಿ ಇರುವ ತನಕ ಸಭೆಯಲ್ಲಿ ಅವರ ಮಾತಿಗೆ ತೂಕವಿಲ್ಲ. ಡಿಫಾಲ್ಟರ್ ಕಮಿಟಿಯಲ್ಲಿ ಇರುವಂತಿಲ್ಲ. ಸೊಸೈಟಿ ರಿಜಿಸ್ಟ್ರಾರ್ ಬಳಿ ವಸೂಲಿ ಪ್ರಮಾಣಪತ್ರಕ್ಕೂ ಹೋಗಬಹುದು. ಮೊದಲು 101ನೇ ಸೆಕ್ಷನ್‌ನಲ್ಲಿದ್ದ ಈ ದಾರಿ 2019ರ ತಿದ್ದುಪಡಿಯ ನಂತರ ಹೌಸಿಂಗ್ ಸೊಸೈಟಿಗಳಿಗೆ 154ಬಿ-29ರಲ್ಲಿದೆ. ಅಲ್ಲಿ ಸಿಕ್ಕಿಕೊಂಡರೆ ಅಸಲು ಪ್ರಶ್ನೆ ಪಕ್ಕಕ್ಕೆ ಸರಿದು, ಬಾಕಿ ಎಷ್ಟು ಎಂಬುದೊಂದೇ ಪ್ರಶ್ನೆಯಾಗುತ್ತದೆ. ಬಾಡಿಗೆಗೆ ಕೊಟ್ಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನ್ಯಾಯ ತಮ್ಮ ಕಡೆಗಿದೆ ಎಂದು ಹಣ ನಿಲ್ಲಿಸುತ್ತಾರೆ, ನಿಲ್ಲಿಸಿದ ಕ್ಷಣ ತಾವೇ ಆರೋಪಿಗಳಾಗುತ್ತಾರೆ.

ಎರಡು ದಿನ ಯೋಚಿಸಿ ಮಾಸ್ತರರು ಅಸಲು ಕಟ್ಟಿದರು. ಚಕ್ರಬಡ್ಡಿಯನ್ನು ಸೆಕ್ರೆಟರಿ ತಾವಾಗಿಯೇ ತೆಗೆಸಿಹಾಕಿದರು. ಡಿಫಾಲ್ಟರ್ ಪಟ್ಟಿ ನೋಟಿಸ್ ಬೋರ್ಡಿನಿಂದ ಇಳಿಯಿತು.

ಎಲ್ಲಿಯವರೆಗಿನ ಹಣ ವಾಪಸ್ ಕೇಳುವುದು ಎಂಬುದು ಮುಂದಿನ ಪ್ರಶ್ನೆ. ಮಾಸ್ತರರ ಲೆಕ್ಕ 2012ರಿಂದ. ಆದರೆ ಸದಸ್ಯ ಮತ್ತು ಸೊಸೈಟಿಯ ನಡುವಿನ ಇಂಥ ವ್ಯಾಜ್ಯವನ್ನು 91ನೇ ಸೆಕ್ಷನ್ ಪ್ರಕಾರ ಸಹಕಾರಿ ನ್ಯಾಯಾಲಯಕ್ಕೆ ಒಯ್ಯಬೇಕು. 92ನೇ ಸೆಕ್ಷನ್ ಅದಕ್ಕೆ ಆರು ವರ್ಷದ ಗಡಿ ಹಾಕುತ್ತದೆ. ಕೋರ್ಟಿಗೆ ಹೋದರೂ ಸಿಗದ ಹಣವನ್ನು ರಾಜಿಯಲ್ಲಿ ಕೇಳಿ ಮಾತುಕತೆ ಕೆಡಿಸಬಾರದು ಎಂದೆ. ಆರು ವರ್ಷಕ್ಕೂ ಹಿಂದಿನ ಹಣದ ಆಸೆ ಬಿಟ್ಟೆವು. ಉಳಿದ ಆರು ವರ್ಷದ ಹೆಚ್ಚುವರಿ 68,400 ರೂಪಾಯಿಗೆ ಬಂತು.

ವಿಶೇಷ ಸಭೆ

ಬಾಡಿಗೆಗೆ ಕೊಟ್ಟ ಮನೆಗಳು ಒಂಬತ್ತು. ಮಾಸ್ತರರಿಗೆ ಕೊಟ್ಟರೆ ಉಳಿದ ಎಂಟು ಮನೆಯವರು ಸುಮ್ಮನಿರುತ್ತಾರೆಯೇ? ಟ್ರೆಜರರ್ ಲೆಕ್ಕ ಹಾಕಿದರು. ಒಂಬತ್ತು ಮನೆಗಳಿಗೆ ಸೇರಿ ಹಿಂದಿರುಗಿಸಬೇಕಾದದ್ದು ಸುಮಾರು 3,60,000. ಮುಂದಕ್ಕೆ ತಿಂಗಳ ಆದಾಯದಲ್ಲಿ ಸುಮಾರು 9,850 ಖೋತಾ. ಅಂದರೆ ಇಷ್ಟು ವರ್ಷ ಅಲ್ಲಿ ವಾಸವಿದ್ದ 27 ಮನೆಗಳ ವಾಚ್‌ಮನ್ ಸಂಬಳದ ಒಂದು ಪಾಲನ್ನು ಊರಲ್ಲಿ, ಪುಣೆಯಲ್ಲಿ, ದುಬೈಯಲ್ಲಿ ಇದ್ದವರು ಕೊಡುತ್ತಿದ್ದರು. ಸೇವಾ ಶುಲ್ಕ 2,400ಕ್ಕೆ ನಿಂತದ್ದರ ಗುಟ್ಟು ಇದೇ.

ಚೇರ್ಮನ್ ಅಜೆಂಡಾದಲ್ಲಿ ‘ನಾನ್ ಆಕ್ಯುಪೆನ್ಸಿ ದರವನ್ನು 30ರಿಂದ 10ಕ್ಕೆ ಇಳಿಸುವ ಬಗ್ಗೆ ಚರ್ಚಿಸಿ ಮತಕ್ಕೆ ಹಾಕುವುದು’ ಎಂದು ಬರೆದಿದ್ದರು. ಬೇಡ ಎಂದೆ. ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಇದೇ ಎಂದು ನನ್ನ ಎಣಿಕೆ. 27 ಮನೆಗಳಿಗೆ ಖರ್ಚು ಹೆಚ್ಚಿಸುವ ವಿಷಯವನ್ನು ಮತಕ್ಕೆ ಹಾಕಿದರೆ ಅದು ಬೀಳುತ್ತದೆ. ಬಿದ್ದ ಮೇಲೆ ಕಮಿಟಿ ಏನು ಮಾಡಬೇಕು? ಸಭೆಯ ಮಾತು ಕೇಳಿದರೆ ಕಾನೂನು ತಪ್ಪುತ್ತದೆ, ಕಾನೂನು ಪಾಲಿಸಿದರೆ ಸಭೆಗೆ ದ್ರೋಹ. ಸಭೆಯ ಕೈಯಲ್ಲಿ ಇಲ್ಲದ್ದನ್ನು ಸಭೆಯ ಮುಂದೆ ಪ್ರಶ್ನೆಯಾಗಿ ಇಡಬಾರದು. ಅಜೆಂಡಾ ಬದಲಾಯಿತು. 2001ರ ಆದೇಶವನ್ನು ಸಭೆಗೆ ತಿಳಿಸುವುದು. ಮುಂದಿನ ಬಿಲ್ಲಿನಿಂದ ಪಾಲಿಸುವುದು. ಹಿಂದಿನ ಹಣ ತೀರಿಸುವ ಕ್ರಮ ಮತ್ತು ಹೊಸ ಸೇವಾ ಶುಲ್ಕ, ಇವೆರಡು ಚರ್ಚೆ ಮತ್ತು ಮತಕ್ಕೆ. 2014ರ ಮಾದರಿ ಬೈಲಾದ ಅಂಗೀಕಾರ, ಅದೂ ಮತಕ್ಕೆ.

ಮಾಸ್ತರರಿಗೆ ಮಂಡಿನೋವು, ಪ್ರಯಾಣ ಆಗದು. ಶೇರ್ ಸರ್ಟಿಫಿಕೇಟಿನಲ್ಲಿ ಎರಡನೇ ಹೆಸರು ಹೆಂಡತಿಯದ್ದು. ಜಂಟಿ ಶೇರಿನಲ್ಲಿ ಮೊದಲ ಹೆಸರಿನವರು ಗೈರಾದರೆ ಎರಡನೆಯವರಿಗೆ ಮತದ ಹಕ್ಕಿದೆ. ಅಳಿಯ ವರ್ಷವಿಡೀ ಓಡಾಡುತ್ತಿದ್ದಾಗ ಈ ದಾರಿ ಯಾರಿಗೂ ಹೊಳೆದಿರಲಿಲ್ಲ. ಆಕೆ ಮತ್ಸ್ಯಗಂಧ ರೈಲಿನಲ್ಲಿ ಬಂದು ಥಾಣೆಯಲ್ಲಿ ಇಳಿದು, ಹಳೆಯ ನೆರೆಮನೆಯಲ್ಲೇ ಉಳಿದರು. ಸಭೆಯಲ್ಲಿ ಸೆಕ್ರೆಟರಿ, “ಅಕ್ಕ, ಮೊದಲು ನೀವು ಹೇಳಿ” ಅಂದರು. ಆಕೆ ಕಾನೂನು ಹೇಳಲಿಲ್ಲ. ಗಂಡ ಅನುಮೋದಿಸಿದ ಠರಾವಿನ ಪುಟವನ್ನು ತಾವೇ ಎತ್ತಿ ತೋರಿಸಿ, “ಇವರೂ ಸೇರಿ ಮಾಡಿದ್ದು. ಆಗ ಬಿಲ್ಲು ಮುನ್ನೂರು ಚಿಲ್ಲರೆ, ಅದರ ಮೂವತ್ತು ಅಂದ್ರೆ ನೂರೂ ಇಲ್ಲ. ಈಗ ಸಾವಿರದ ಮುನ್ನೂರು. ನಾಳೆ ನಿಮ್ಮಲ್ಲೂ ಊರಿಗೆ ಹೋಗುವವರು ಇದ್ದೀರಿ” ಎಂದು ಕೂತರು. ಮರಾಠಿಯಲ್ಲಿ ಹೇಳಿದ್ದರಿಂದ ಎಲ್ಲರಿಗೂ ತಲುಪಿತು. ನಿವೃತ್ತಿಯ ಅಂಚಿನಲ್ಲಿದ್ದ ಐದಾರು ಮಂದಿ ಪರಸ್ಪರ ನೋಡಿಕೊಂಡದ್ದನ್ನು ನಾನು ಗಮನಿಸಿದೆ.

ಹಾಜರಿದ್ದ 27 ಸದಸ್ಯರಲ್ಲಿ 21 ಮಂದಿ ಹೊಸ ಬೈಲಾದ ಪರ, 6 ವಿರುದ್ಧ. ಬೇಕಿದ್ದದ್ದು 18. ಹಿಂದಿನ ಹಣವನ್ನು 24 ತಿಂಗಳ ಬಿಲ್ಲಿನಲ್ಲಿ ಕಳೆಯುವುದೆಂದು, ಅದಕ್ಕೆ ಅರ್ಧ ಹಣ ಹಿಂದಿನ ವರ್ಷಗಳ ಉಳಿಕೆಯಿಂದ, ಉಳಿದರ್ಧ ಎಲ್ಲ 36 ಮನೆಗಳಿಂದ ತಿಂಗಳಿಗೆ ಸುಮಾರು 210 ರೂಪಾಯಿಯಂತೆ ಎಂದು ತೀರ್ಮಾನವಾಯಿತು. ಒಬ್ಬರು ರಿಪೇರಿ ನಿಧಿಯ ಎಫ್‌ಡಿ ಮುರಿಯೋಣ ಎಂದರು. ಟ್ರೆಜರರ್ ಖಡಾಖಂಡಿತ ಬೇಡವೆಂದರು, ಒಳ್ಳೆಯದೇ ಆಯಿತು. ಅದು ಕಟ್ಟಡದ ಹಣ, ಹಳೆಯ ತಪ್ಪು ತುಂಬಲು ಇಟ್ಟದ್ದಲ್ಲ. ಸೇವಾ ಶುಲ್ಕ 275 ಏರಿ 2,675 ಆಯಿತು. ಅದರ ಮೇಲೆ ಮಾಸ್ತರರ ಹತ್ತು ಶೇಕಡಾ, 267 ರೂಪಾಯಿ ಐವತ್ತು ಪೈಸೆ. ತಮ್ಮ ಹಣ ವಾಪಸ್ ಬರಲು ತಾವೂ ತಿಂಗಳಿಗೆ 210 ಕಟ್ಟಬೇಕೆಂದು ತಿಳಿದಾಗ ಮಾಸ್ತರರು ಫೋನಿನಲ್ಲಿ ಜೋರಾಗಿ ನಕ್ಕರು.

ಆಮೇಲೆ

ಬೈಲಾದ ತಿದ್ದುಪಡಿ ನೋಂದಣಿಯಾಗಿ ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯ ತನಕ ಹಳೆಯ ಬೈಲಾದ ಪ್ರಕಾರ ಬಾಡಿಗೆಗೆ ಅನುಮತಿ ಕೇಳುವುದು, ಸೊಸೈಟಿ ವಾರದೊಳಗೆ ಕೊಡುವುದು, ಕೊಡದಿದ್ದರೆ ಕಾರಣ ಬರೆಯುವುದು ಎಂದು ಬಾಯಿಮಾತಿನ ಒಪ್ಪಂದ. ಮದುವೆಯ ಷರತ್ತಿನ ಚೀಟಿ ಸದ್ದಿಲ್ಲದೆ ಮಾಯವಾಯಿತು. ಮಾಸ್ತರರ ಮನೆಯಲ್ಲಿ ಈಗ ಮೂವರು ನರ್ಸುಗಳಿದ್ದಾರೆ.

ಬರುವ ಹೋಗುವ ಐದೈದು ಸಾವಿರ ಪೂರ್ತಿ ಹೋಗಲಿಲ್ಲ. ಲಿಫ್ಟ್‌ಗೆ ಪ್ಲೈವುಡ್ ಹೊದಿಸುವ ಖರ್ಚು ಎಂದು ಸಾವಿರ ರೂಪಾಯಿ ಉಳಿಸಿಕೊಂಡಿದ್ದಾರೆ. ಬೈಲಾದಲ್ಲಿ ಅದಕ್ಕೂ ಆಧಾರ ನನಗೆ ಕಾಣುವುದಿಲ್ಲ, ಹೇಳಿದ್ದೇನೆ. ಸಾವಿರಕ್ಕಾಗಿ ಇನ್ನೊಂದು ಸುತ್ತು ಬೇಡ ಎಂದು ಮಾಸ್ತರರು ಬಿಟ್ಟರು. ಬೇರೆ ಯಾರಾದರೂ ಎತ್ತಿದರೆ ಸೊಸೈಟಿ ಅದನ್ನೂ ಬಿಡಬೇಕಾದೀತು.

ಹೊಸ ಬೈಲಾ ಓದುವ ಚಟ ಕೆಲವರಿಗೆ ಹತ್ತಿದೆ. ನೀರಿನ ಖರ್ಚನ್ನು ಮನೆಗಿಷ್ಟು ಎಂದು ಸಮನಾಗಿ ಹಂಚುವಂತಿಲ್ಲ, ಆಯಾ ಮನೆಯ ನಲ್ಲಿಗಳ ಸಂಖ್ಯೆ ಮತ್ತು ಗಾತ್ರದ ಮೇಲೆ ಹಂಚಬೇಕು ಎಂಬ ಕಲಮು ಎ ವಿಂಗ್‌ನ ಒನ್ ಬಿಎಚ್‌ಕೆಯವರ ಕಣ್ಣಿಗೆ ಬಿದ್ದಿದೆ. ಬಿ ವಿಂಗ್‌ನ ಟೂ ಬಿಎಚ್‌ಕೆಗಳಲ್ಲಿ ಎರಡೆರಡು ಬಾತ್‌ರೂಮು. ಮನೆಮನೆಗೆ ಹೋಗಿ ನಲ್ಲಿ ಎಣಿಸುವ ಕೆಲಸ ಟ್ರೆಜರರ್ ತಲೆಗೆ ಬಂದಿದೆ, ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ ಅದು ಮೂರನೇ ವಿಷಯ.